ಹಿರಿಯರಿಗೆ ಲಸಿಕೆ: ಬಿಪಿ-ಶುಗರ್ ಚೀಟಿಯ ಜೊತೆಯಲ್ಲೇ ಹಾಕಿ ಮುಗಿಸುವ ಕ್ರಮ

2021ರ ಮಾರ್ಚ್ 1ರಿಂದ ಅರವತ್ತು ದಾಟಿದವರಿಗೆ ಕೋವಿಡ್ ಲಸಿಕೆ ಶುರುವಾದಾಗ ಊರುಗೋಲು ಹಿಡಿದವರೂ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದ್ದರು. ಅದಕ್ಕೆ ಮೂರ್ನಾಲ್ಕು ವರ್ಷ ಮೊದಲು, 2017–18ರಲ್ಲಿ ನಡೆದ ಲಾಸಿ ಎಂಬ ದೇಶವ್ಯಾಪಿ ಸಮೀಕ್ಷೆಯಲ್ಲಿ, 45 ದಾಟಿದವರ ಪೈಕಿ ಫ್ಲೂ ಲಸಿಕೆ ಹಾಕಿಸಿಕೊಂಡವರು ನೂರಕ್ಕೆ ಇಬ್ಬರೂ ಸಿಕ್ಕಿರಲಿಲ್ಲ. ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾ ವಿರುದ್ಧದ ನ್ಯುಮೋಕಾಕಲ್ ಲಸಿಕೆಯ ಲೆಕ್ಕ ನೂರಕ್ಕೆ ಒಬ್ಬರಿಗಿಂತ ಕಡಿಮೆ. ಸಮೀಕ್ಷೆಯ ಹೊತ್ತಿಗೆ ಇದ್ದ ಜನರೇ 2021ರಲ್ಲೂ ಇದ್ದದ್ದು. ಆದರೆ ಕೋವಿಡ್ ಕಾಲದಲ್ಲಿ ಯಾರೋ ಕರೆದು ದಿನ ಹೇಳಿದರು, ಜಾಗ ತೋರಿಸಿದರು, ಮೊಬೈಲಿನಲ್ಲಿ ಹೆಸರು ಹಚ್ಚಿಕೊಟ್ಟರು. ಫ್ಲೂ ಲಸಿಕೆಗೆ ಹಾಗೆ ಕರೆದವರಿಲ್ಲ.

ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಮಕ್ಕಳದು ಮತ್ತು ಗರ್ಭಿಣಿಯರದು. ಹಿರಿಯರ ಫ್ಲೂ, ನ್ಯುಮೋಕಾಕಲ್, ಸರ್ಪಸುತ್ತಿನ ಲಸಿಕೆಗಳು ಅದರೊಳಗಿಲ್ಲ. ಹಾಗಾಗಿ ಈ ಕೆಲಸ ತಿಂಗಳು ತಿಂಗಳು ಬಿಪಿ-ಶುಗರ್ ಮಾತ್ರೆ ಬರೆದುಕೊಡುವ ವೈದ್ಯರ ಮೇಜಿನ ಮೇಲೇ ಆಗಬೇಕು. ಮುಂದಿನದನ್ನು ತಾಲ್ಲೂಕು ಮಟ್ಟದ ಕ್ಲಿನಿಕ್, ಸಣ್ಣ ನರ್ಸಿಂಗ್ ಹೋಮ್‌ಗಳನ್ನು ಮನಸ್ಸಿನಲ್ಲಿಟ್ಟು ಬರೆದಿದೆ. ಹಿರಿಯ ನಾಗರಿಕರ ಸಂಘ, ಅಪಾರ್ಟ್‌ಮೆಂಟ್ ಸಂಘಗಳು ಶಿಬಿರ ಮಾಡುವುದಾದರೂ ಕ್ರಮ ಇದೇ.

ಯಾರಿಗೆ ಯಾವುದು

ಫ್ಲೂ: ಅರವತ್ತು ದಾಟಿದ ಎಲ್ಲರಿಗೂ ವರ್ಷಕ್ಕೊಮ್ಮೆ, 0.5 ಮಿ.ಲೀ., ತೋಳಿನ ಸ್ನಾಯುವಿಗೆ. ಸಕ್ಕರೆ ಕಾಯಿಲೆ, ಸಿಒಪಿಡಿ (ಶ್ವಾಸಕೋಶದ ದೀರ್ಘ ಕಾಯಿಲೆ), ಹೃದ್ರೋಗ, ಕಿಡ್ನಿ ತೊಂದರೆ ಇರುವವರು ಮೊದಲು. ವಯಸ್ಸಾದವರಲ್ಲಿ ಈ ಲಸಿಕೆ ಯುವಕರಲ್ಲಿ ಕೊಡುವಷ್ಟು ರಕ್ಷಣೆ ಕೊಡುವುದಿಲ್ಲ, ಇದನ್ನು ಮುಚ್ಚಿಡಬೇಕಿಲ್ಲ. ಆದರೆ ಹೃದಯದ ರೋಗಿಗಳ ವಿಷಯದಲ್ಲಿ ಪುರಾವೆ ಗಟ್ಟಿಯಾಗಿದೆ. ಹೃದಯಾಘಾತವಾದ ಕೂಡಲೇ ಫ್ಲೂ ಲಸಿಕೆ ಹಾಕಿ ನೋಡಿದ ಐಎಎಂಐ ಪ್ರಯೋಗದಲ್ಲಿ (2021) ಒಂದು ವರ್ಷದೊಳಗೆ ಸತ್ತವರು ಲಸಿಕೆ ಪಡೆದವರಲ್ಲಿ ನೂರಕ್ಕೆ 2.9, ಪಡೆಯದವರಲ್ಲಿ 4.9. ಸ್ಟೆಂಟ್ ಹಾಕಿಸಿಕೊಂಡ ಯಜಮಾನರಿಗೆ ಹೇಳಬೇಕಾದ ಮಾತು ಇದು.

ನ್ಯುಮೋಕಾಕಲ್: 20 ತಳಿಯ ಕಾನ್ಜುಗೇಟ್ ಲಸಿಕೆಯಾದರೆ (ರೋಗಾಣುವಿನ ಹೊದಿಕೆಯ ಅಂಶಕ್ಕೆ ಪ್ರೋಟೀನ್ ಜೋಡಿಸಿದ್ದು) ಒಂದೇ ಡೋಸ್, ಅಲ್ಲಿಗೆ ಮುಗಿಯಿತು. 13 ತಳಿಯದಾದರೆ ಒಂದು ವರ್ಷ ಬಿಟ್ಟು 23 ತಳಿಯ ಪಾಲಿಸ್ಯಾಕರೈಡ್ (ಪ್ರೋಟೀನ್ ಜೋಡಿಸದ) ಲಸಿಕೆ. ರೋಗನಿರೋಧಕ ಶಕ್ತಿ ಕುಂದಿದವರಿಗೆ ಈ ಅಂತರವನ್ನು 8 ವಾರಕ್ಕೆ ಇಳಿಸಬಹುದು. ಮೊದಲೇ 23 ತಳಿಯದು ಹಾಕಿಸಿಕೊಂಡಿದ್ದರೆ ಕನಿಷ್ಠ ಒಂದು ವರ್ಷ ಕಳೆದ ಮೇಲೆ ಕಾನ್ಜುಗೇಟ್ ಹಾಕಿ. ‘ನ್ಯುಮೋನಿಯಾ ಇಂಜೆಕ್ಷನ್ ಹಾಕಿಸಿದ್ದೀನಿ’ ಎಂದು ರೋಗಿ ಹೇಳಿದರೆ ಅಲ್ಲಿಗೇ ಬಿಡಬೇಡಿ. ಹೆಚ್ಚಿನ ಸಲ ಅದು ಆಸ್ಪತ್ರೆಯಲ್ಲಿ ಕೊಟ್ಟ ಆ್ಯಂಟಿಬಯಾಟಿಕ್ ಆಗಿರುತ್ತದೆ. ಬಿಲ್ಲೋ ಡಿಸ್ಚಾರ್ಜ್ ಸಮ್ಮರಿಯೋ ಇದ್ದರೆ ನೋಡಿ. ಏನೂ ಸಿಗದಿದ್ದರೆ ಹಾಕಿಲ್ಲವೆಂದೇ ಲೆಕ್ಕ ಹಿಡಿದು ಹಾಕಿ.

ಟಿಡಿ, ಅಂದರೆ ಧನುರ್ವಾಯು ಮತ್ತು ಗಂಟಲಮಾರಿಯದು: ಹತ್ತು ವರ್ಷಕ್ಕೊಂದು ಬೂಸ್ಟರ್. ಬಾಲ್ಯದಲ್ಲಿ ಏನೂ ಹಾಕಿಸಿಕೊಳ್ಳದವರಿಗೆ ಮೂರು ಡೋಸ್: ಇವತ್ತು, ನಾಲ್ಕು ವಾರ ಬಿಟ್ಟು, ಆಮೇಲೆ 6ರಿಂದ 12 ತಿಂಗಳಲ್ಲಿ. ಇಲ್ಲಿ ಹೆಂಗಸರಿಗಿಂತ ಗಂಡಸರ ಕಡೆ ಗಮನ ಹೆಚ್ಚಿರಲಿ. ಹೆಂಗಸರಿಗೆ ಬಸಿರಿನಲ್ಲಾದರೂ ಟಿಟಿ, ಅಂದರೆ ಧನುರ್ವಾಯುವಿನ ಇಂಜೆಕ್ಷನ್, ಬಿದ್ದಿರುತ್ತದೆ. ಗದ್ದೆ-ತೋಟದಲ್ಲಿ ದುಡಿಯುವ ಅಜ್ಜನಿಗೆ ಗಾಯವಾದಾಗ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಟಿಡಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇರುತ್ತದೆ. ಹತ್ತು ಡೋಸಿನ ವಯಲ್ ಆದ್ದರಿಂದ ಒಬ್ಬರಿಗೋಸ್ಕರ ಒಡೆಯಲು ಹಿಂಜರಿಯುತ್ತಾರೆ. ಮಕ್ಕಳ ಲಸಿಕೆಯ ದಿನ ನೋಡಿ ನಾಲ್ಕಾರು ಜನರನ್ನು ಒಟ್ಟಿಗೆ ಕಳಿಸಿದರೆ ಗೊಣಗಾಟವಿಲ್ಲದೆ ಆಗುತ್ತದೆ.

ಸರ್ಪಸುತ್ತು: ಐವತ್ತು ದಾಟಿದವರಿಗೆ ಎರಡು ಡೋಸ್, ನಡುವೆ 2ರಿಂದ 6 ತಿಂಗಳು. ಶಿಂಗ್ರಿಕ್ಸ್ ಹೆಸರಿನ ಈ ಲಸಿಕೆ 2023ರಿಂದ ನಮ್ಮಲ್ಲಿ ಸಿಗುತ್ತಿದೆ. ಇದರಲ್ಲಿ ಜೀವಂತ ವೈರಸ್ ಇಲ್ಲ, ಹಾಗಾಗಿ ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೂ ಹಾಕಬಹುದು. ದೊಡ್ಡ ಪ್ರಯೋಗಗಳಲ್ಲಿ ಎಪ್ಪತ್ತು ದಾಟಿದವರಲ್ಲೂ ನೂರಕ್ಕೆ ತೊಂಬತ್ತರ ಹತ್ತಿರ ರಕ್ಷಣೆ ಕಂಡಿದೆ. ಸರ್ಪಸುತ್ತಿಗೆ ಕಾವಿ ಹಚ್ಚುವುದು, ಹಾವಿನ ತಲೆ-ಬಾಲ ಕೂಡಿದರೆ ಪ್ರಾಣಕ್ಕೆ ಅಪಾಯ ಎನ್ನುವುದು ನಮ್ಮಲ್ಲಿ ಹಳೆಯ ನಂಬಿಕೆ. ಅದನ್ನು ಗೇಲಿ ಮಾಡಿದರೆ ಮಾತು ಅಲ್ಲೇ ಕಡಿದುಹೋಗುತ್ತದೆ. ‘ಗುಳ್ಳೆ ಒಣಗಿದ ಮೇಲೂ ತಿಂಗಳುಗಟ್ಟಲೆ ಉರಿ ಉಳಿಯುತ್ತಲ್ಲ, ಅದು ಬಾರದ ಹಾಗೆ’ ಎಂದರೆ ನೋವು ಉಂಡವರಿಗೆ, ಪಕ್ಕದ ಮನೆಯಲ್ಲಿ ನೋಡಿದವರಿಗೆ ತಕ್ಷಣ ತಿಳಿಯುತ್ತದೆ. ಒಮ್ಮೆ ಆಗಿಹೋದವರಿಗೂ ಹಾಕಬಹುದು, ಗುಳ್ಳೆ ಪೂರ್ತಿ ಮಾಯ್ದಿರಬೇಕು ಅಷ್ಟೆ.

ಡಯಾಲಿಸಿಸ್‌ನಲ್ಲಿರುವವರಿಗೆ ಹೆಪಟೈಟಿಸ್ ಬಿ ಪ್ರತ್ಯೇಕ ಲೆಕ್ಕ. ಸಾಮಾನ್ಯಕ್ಕಿಂತ ಎರಡು ಪಟ್ಟು ಪ್ರಮಾಣ, 0, 1, 2 ಮತ್ತು 6ನೇ ತಿಂಗಳು. ಅದನ್ನು ಡಯಾಲಿಸಿಸ್ ಘಟಕದವರೇ ನೋಡಿಕೊಳ್ಳಲಿ, ನೀವು ಕೇಳಿ ಖಚಿತಪಡಿಸಿಕೊಳ್ಳಿ.

ಮೊದಲು ಪಟ್ಟಿ, ಆಮೇಲೆ ಲಸಿಕೆ

ಲಸಿಕೆ ತರಿಸಿಟ್ಟು ಜನರಿಗಾಗಿ ಕಾಯುವ ಕ್ಲಿನಿಕ್‌ಗಳು ಮೊದಲ ವರ್ಷವೇ ನಷ್ಟ ಮಾಡಿಕೊಂಡು ಕೈಬಿಡುತ್ತವೆ. ಉಳಿದ ಫ್ಲೂ ಲಸಿಕೆ ಮುಂದಿನ ವರ್ಷಕ್ಕೆ ಬಾರದು. ಆದ್ದರಿಂದ ಫೆಬ್ರುವರಿ–ಮಾರ್ಚ್‌ನಲ್ಲಿ ಒಂದು ಉದ್ದ ನೋಟ್‌ಬುಕ್ ತೆಗೆಯಿರಿ. ಕಂಪ್ಯೂಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕೆಲಸ ನಿಲ್ಲುವುದಿಲ್ಲ. ಕಳೆದ ಆರು ತಿಂಗಳಲ್ಲಿ ಬಂದ ಅರವತ್ತು ದಾಟಿದವರ ಹೆಸರು, ವಯಸ್ಸು, ಕಾಯಿಲೆ, ಫೋನ್ ಮತ್ತು ಮನೆಯಲ್ಲಿ ನಿರ್ಧಾರ ಮಾಡುವ ಒಬ್ಬರ ಫೋನ್ ಬರೆದುಕೊಳ್ಳಿ. ಈ ಕೊನೆಯ ಕಾಲಂ ಬಿಟ್ಟರೆ ಅರ್ಧ ಕೆಲಸ ಕೆಡುತ್ತದೆ, ಯಾಕೆಂದು ಮುಂದೆ ಬರುತ್ತದೆ. ಪಕ್ಕದಲ್ಲಿ ಫ್ಲೂ, ನ್ಯುಮೋ, ಟಿಡಿ, ಸರ್ಪಸುತ್ತು ಎಂದು ನಾಲ್ಕು ಖಾನೆ, ಅದರ ಮುಂದೆ ‘ಹಾಕದಿದ್ದರೆ ಕಾರಣ’ ಎಂದು ಒಂದು ಖಾನೆ.

ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯ ಬಳಿ ಬಿಪಿ-ಶುಗರ್ ಇರುವವರ ಪಟ್ಟಿ ಇರುತ್ತದೆ. ಅವರನ್ನು ಮೊದಲೇ ಜೊತೆಗೆ ಸೇರಿಸಿಕೊಳ್ಳಿ. ನಿಮ್ಮ ಕ್ಲಿನಿಕ್ಕಿಗೆ ಬಾರದವರ ಮನೆ ಗೊತ್ತಿರುವುದು ಅವರಿಗೇ.

ರೋಗಿಯ ಕೈಯಲ್ಲೊಂದು ಕಾರ್ಡ್ ಇರಲಿ. ಅಂಗೈಯಗಲದ ದಪ್ಪ ಕಾಗದ ಸಾಕು: ಲಸಿಕೆಯ ಹೆಸರು, ಬ್ಯಾಚ್ ನಂಬರ್, ದಿನಾಂಕ, ಮುಂದಿನ ದಿನಾಂಕ, ಎಲ್ಲ ಕನ್ನಡದಲ್ಲಿ, ದಪ್ಪಕ್ಷರದಲ್ಲಿ. ಅದನ್ನು ಔಷಧಿ ಚೀಟಿಯ ಫೈಲಿಗೇ ಸ್ಟೇಪಲ್ ಮಾಡಿಕೊಡಿ. ಬೇರೆಯಾಗಿ ಕೊಟ್ಟ ಕಾರ್ಡು ಎರಡನೇ ಡೋಸಿನ ಹೊತ್ತಿಗೆ ಮನೆಯಲ್ಲಿ ಸಿಗುವುದಿಲ್ಲ.

ಯಾವಾಗ

ಕರ್ನಾಟಕದಲ್ಲಿ ಫ್ಲೂ ಮಳೆಗಾಲದಲ್ಲಿ ಏರುತ್ತದೆ, ಜನವರಿ–ಮಾರ್ಚ್‌ನಲ್ಲಿ ಇನ್ನೊಮ್ಮೆ ತಲೆ ಎತ್ತುತ್ತದೆ. ಲಸಿಕೆ ಹಾಕಿ ರಕ್ಷಣೆ ಬರಲು ಸುಮಾರು ಎರಡು ವಾರ ಬೇಕು. ಏಪ್ರಿಲ್ ಮಧ್ಯದಿಂದ ಮೇ ಕೊನೆಯೊಳಗೆ ಹಾಕಿ ಮುಗಿಸುವುದು ಒಳ್ಳೆಯದು. ತಪ್ಪಿಹೋದವರಿಗೆ ಜುಲೈನಲ್ಲೂ ಹಾಕಿ, ಬೇಡವೆನ್ನಬೇಡಿ.

ವಿಶ್ವ ಆರೋಗ್ಯ ಸಂಸ್ಥೆ ತಳಿಗಳನ್ನು ವರ್ಷಕ್ಕೆರಡು ಸಲ ಹೇಳುತ್ತದೆ: ಫೆಬ್ರುವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣ ಗೋಳಾರ್ಧಕ್ಕೆ. ನಾವಿರುವುದು ಉತ್ತರದಲ್ಲಾದರೂ ಮಳೆಗಾಲದ ಮೊದಲು ಹಾಕುವವರಿಗೆ ದಕ್ಷಿಣ ಗೋಳಾರ್ಧದ ಹೊಸ ಲಸಿಕೆಯೇ ಹೊಂದುತ್ತದೆ. ವಿತರಕರು ಏಪ್ರಿಲ್‌ನಲ್ಲಿ ಹಿಂದಿನ ಋತುವಿನ ಉಳಿಕೆ ಮಾಲನ್ನು ರಿಯಾಯಿತಿಯಲ್ಲಿ ತೋರಿಸಬಹುದು. ಪೆಟ್ಟಿಗೆಯ ಮೇಲೆ ಯಾವ ವರ್ಷ, ಯಾವ ಗೋಳಾರ್ಧ ಎಂದು ಅಚ್ಚಾಗಿರುತ್ತದೆ, ಅದನ್ನು ಓದದೆ ಹಣ ಕೊಡಬೇಡಿ. ಮೂರು ತಳಿಯದೋ ನಾಲ್ಕು ತಳಿಯದೋ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ನಾಲ್ಕನೆಯದಾದ ಬಿ-ಯಮಗಾಟಾ ತಳಿ 2020ರ ಮಾರ್ಚ್ ನಂತರ ಜಗತ್ತಿನಲ್ಲೆಲ್ಲೂ ಖಚಿತವಾಗಿ ಕಂಡುಬಂದಿಲ್ಲ.

ಉಳಿದ ಲಸಿಕೆಗಳಿಗೆ ಋತುವಿಲ್ಲ. ಫ್ಲೂ ಹಾಕುವ ದಿನವೇ ಇನ್ನೊಂದು ತೋಳಿಗೆ ನ್ಯುಮೋಕಾಕಲ್ ಹಾಕಬಹುದು. ಸರ್ಪಸುತ್ತಿನದು ಮೈಕೈ ನೋವು, ಜ್ವರ ತರುವ ಲಸಿಕೆ. ಅದನ್ನು ಬೇರೆ ದಿನಕ್ಕೆ ಇಟ್ಟುಕೊಂಡರೆ ಹಿರಿಯರಿಗೆ ಹಗುರ.

ಬಾಯಿಂದ ಬರಬೇಕಾದ ಮಾತು

‘ಬೇಕಾದ್ರೆ ಒಂದು ಲಸಿಕೆ ಇದೆ, ಯೋಚ್ನೆ ಮಾಡಿ’ ಎಂದು ವೈದ್ಯರು ಹೇಳಿದರೆ ರೋಗಿಗೆ ಕೇಳಿಸುವುದು ‘ಬೇಡ’ ಎಂದೇ. ಬೇಕಾದದ್ದಾಗಿದ್ದರೆ ಡಾಕ್ಟ್ರೇ ಬರೆಯುತ್ತಿದ್ದರಲ್ಲ ಎಂಬ ಲೆಕ್ಕ ಅವರದು, ತಪ್ಪೂ ಅಲ್ಲ. ಹೀಗೆ ಹೇಳಿ ನೋಡಿ: ‘ಯಜಮಾನ್ರೇ, ಮಳೆ ಹಿಡಿಯೋ ಮೊದ್ಲು ನಿಮ್ಮ ಎದೆಗೆ ಕಫದ ಕಾಯಿಲೆ ಬರ್ದಂಗೆ ಒಂದು ಇಂಜೆಕ್ಷನ್ ಇದೆ. ಇವತ್ತೇ ಹಾಕ್ಬಿಡೋಣ. ಯಾವ ಕೈ ಕೊಡ್ತೀರಿ?’ ಬೇಡವೆಂದರೆ ಬೇಡವೆನ್ನುವ ಹಕ್ಕು ಅವರದೇ, ಒತ್ತಾಯ ಕೂಡದು. ಆದರೆ ಮಾತಿನ ಮೊದಲ ಸಾಲು ಹಾಕುವ ಕಡೆಗೇ ಇರಬೇಕು.

ಹೆಚ್ಚಾಗಿ ಬರುವ ಉತ್ತರ ‘ಮಗನ್ನ ಕೇಳಿ ಹೇಳ್ತೀನಿ.’ ‘ಆಯ್ತು, ಕೇಳ್ಕೊಂಡು ಬನ್ನಿ’ ಎಂದರೆ ಆ ರೋಗಿ ತಿಂಗಳಾದ ಮೇಲೆ ಮಾತ್ರೆಗೆ ಬರುತ್ತಾರೆಯೇ ಹೊರತು ಲಸಿಕೆಯ ನೆನಪು ಇಬ್ಬರಿಗೂ ಇರುವುದಿಲ್ಲ. ಪಟ್ಟಿಯಲ್ಲಿರುವ ಫೋನಿಗೆ ಅಲ್ಲೇ ಕರೆ ಮಾಡಿ, ಸ್ಪೀಕರ್ ಹಾಕಿ ಎರಡು ನಿಮಿಷ ಮಾತಾಡಿ. ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವ ಮಗ, ಮಗಳು ಬಹಳ ಸಲ ಒಪ್ಪುತ್ತಾರೆ, ಹಣವನ್ನೂ ಅಲ್ಲಿಂದಲೇ ಕಳಿಸುತ್ತಾರೆ. ಸೊಸೆ ಜೊತೆಗೆ ಬಂದಿದ್ದರೆ ಅವರಿಗೇ ಮೊದಲು ವಿವರಿಸಿ. ಜ್ವರ ಬಂದರೆ ರಾತ್ರಿ ಎದ್ದು ನೋಡಿಕೊಳ್ಳುವವರು ಅವರು.

ಹೃದಯಾಘಾತದ ಭಯ ಬಂದೇ ಬರುತ್ತದೆ. 2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಹರಡಿದಾಗ ಕೋವಿಡ್ ಲಸಿಕೆಯನ್ನು ದೂರಿದವರು ಬಹಳ ಮಂದಿ. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ರಾಜ್ಯದ ತಜ್ಞರ ಸಮಿತಿ, ಹಠಾತ್ ಹೃದಯ ಸಾವುಗಳಿಗೂ ಲಸಿಕೆಗೂ ನಂಟು ಕಾಣಲಿಲ್ಲವೆಂದೇ ವರದಿ ಕೊಟ್ಟಿತು. ಅಷ್ಟನ್ನು ಹೇಳಿ, ‘ಇದು ಆ ಲಸಿಕೆಯೂ ಅಲ್ಲ, ಹೃದಯದವರಿಗೇ ಮೊದಲು ಹಾಕಬೇಕಾದ್ದು’ ಎಂದು ಮುಂದಕ್ಕೆ ಹೋಗಿ. ವಾದಕ್ಕೆ ಕೂತರೆ ಗೆಲ್ಲುವುದು ವಾಟ್ಸ್ಯಾಪೇ.

ಹಣ

ಫ್ಲೂ ಲಸಿಕೆ ಬ್ರಾಂಡ್ ನೋಡಿ ಸಾವಿರದಿಂದ ಎರಡೂವರೆ ಸಾವಿರದ ಆಸುಪಾಸು. ನ್ಯುಮೋಕಾಕಲ್ ಅದಕ್ಕಿಂತ ದುಬಾರಿ. ಸರ್ಪಸುತ್ತಿನದು ಎರಡು ಡೋಸ್ ಸೇರಿದರೆ ಹತ್ತು ಸಾವಿರ ದಾಟಿಬಿಡುತ್ತದೆ. ಎಪ್ಪತ್ತು ದಾಟಿದವರ ಆಯುಷ್ಮಾನ್ ಕಾರ್ಡ್ ಒಳರೋಗಿ ಚಿಕಿತ್ಸೆಗೆ ಹೊರತು ಇದಕ್ಕಲ್ಲ. ಕಾರ್ಡ್ ಹಿಡಿದು ಬಂದವರಿಗೆ ಮೊದಲೇ ಹೇಳಿ.

ಎಲ್ಲವನ್ನೂ ಒಟ್ಟಿಗೆ ಬರೆದುಕೊಟ್ಟರೆ ಮೊತ್ತ ಕಂಡು ಯಾವುದನ್ನೂ ಹಾಕಿಸುವುದಿಲ್ಲ. ಕೈ ಬಿಗಿ ಇರುವವರಿಗೆ ನಮ್ಮ ಸಲಹೆಯ ಸರದಿ: ಮೊದಲು ಟಿಡಿ (ಪುಕ್ಕಟೆ), ಈ ಮೇ ತಿಂಗಳು ಫ್ಲೂ, ಮುಂದೆ ಪಿಂಚಣಿ ಅಥವಾ ಫಸಲಿನ ಹಣ ಬಂದಾಗ ನ್ಯುಮೋಕಾಕಲ್, ಅನುಕೂಲವಿದ್ದರೆ ಸರ್ಪಸುತ್ತು. ಹೆಸರು ಕೊಟ್ಟವರನ್ನು ಎಣಿಸಿ ಒಟ್ಟಾಗಿ ತರಿಸಿದರೆ ವಿತರಕರು ಎಂಆರ್‌ಪಿಗಿಂತ ಕಡಿಮೆಗೆ ಕೊಡುತ್ತಾರೆ. ಆ ರಿಯಾಯಿತಿಯಲ್ಲಿ ಒಂದು ಪಾಲು ರೋಗಿಗೂ ಹೋಗಲಿ, ಬೆಲೆಯನ್ನು ಬೋರ್ಡಿನಲ್ಲಿ ಬರೆಯಿರಿ. ಬೆಲೆ ಕೇಳಲು ಸಂಕೋಚಪಟ್ಟು ಎದ್ದುಹೋಗುವ ಹಿರಿಯರು ಕಡಿಮೆಯಿಲ್ಲ.

ಫ್ರಿಜ್

ಒಳ್ಳೆಯ ಲಸಿಕೆ ಕೆಡುವುದು ಇಲ್ಲೇ. ಬೇಕಾದ್ದು 2ರಿಂದ 8 ಡಿಗ್ರಿ. ಬಿಸಿಗೆ ಎಲ್ಲರೂ ಹೆದರುತ್ತಾರೆ, ಆದರೆ ಈ ಲಸಿಕೆಗಳಿಗೆ ಹೆಪ್ಪುಗಟ್ಟುವುದು ಇನ್ನೂ ದೊಡ್ಡ ಶತ್ರು. ಟಿಡಿ, ಹೆಪಟೈಟಿಸ್ ಬಿ, ಕಾನ್ಜುಗೇಟ್ ನ್ಯುಮೋಕಾಕಲ್ ಇವುಗಳಲ್ಲಿ ಅಲ್ಯೂಮಿನಿಯಂ ಲವಣವಿರುತ್ತದೆ. ಒಮ್ಮೆ ಹೆಪ್ಪುಗಟ್ಟಿ ಕರಗಿದರೆ ಅದರ ಕಣಗಳು ಗಂಟುಗಟ್ಟಿ ಲಸಿಕೆ ಶಕ್ತಿ ಕಳೆದುಕೊಳ್ಳುತ್ತದೆ. ನೋಡಲು ಹಾಗೇ ಇರಬಹುದು. ಫ್ಲೂ, ಶಿಂಗ್ರಿಕ್ಸ್ ಕೂಡ ಹೆಪ್ಪುಗಟ್ಟಿದರೆ ಎಸೆಯಬೇಕಾದವೇ.

ಸಣ್ಣ ಹೋಟೆಲ್ ರೂಮಿನಲ್ಲಿರುವಂಥ, ಫ್ರೀಜರ್ ಒಳಗೇ ಇರುವ ಒಂಟಿ ಬಾಗಿಲಿನ ಪುಟ್ಟ ಫ್ರಿಜ್ ಬೇಡ. ಲಸಿಕೆ ನಡುವಿನ ಅರೆಗಳಲ್ಲಿ, ಹಿಂಗೋಡೆಗೆ ತಾಗದಂತೆ ಇರಲಿ. ಬಾಗಿಲಿನಲ್ಲಿ ಎಂದೂ ಬೇಡ. ಕೆಳಗಿನ ತರಕಾರಿ ಡಬ್ಬಿ ತೆಗೆದು ಆ ಜಾಗದಲ್ಲೂ ಬಾಗಿಲಿನಲ್ಲೂ ನೀರಿನ ಬಾಟಲಿ ತುಂಬಿಸಿಟ್ಟರೆ ಕರೆಂಟ್ ಹೋದಾಗ ತಂಪು ಹೆಚ್ಚು ಹೊತ್ತು ನಿಲ್ಲುತ್ತದೆ. ಇನ್ಸುಲಿನ್ ಜೊತೆಗಿರಬಹುದು, ಊಟದ ಡಬ್ಬಿ, ಮೊಸರು ಇರಬಾರದು, ಅವುಗಳಿಂದ ಬಾಗಿಲು ತೆರೆಯುವುದು ಹೆಚ್ಚುತ್ತದೆ. ಕನಿಷ್ಠ-ಗರಿಷ್ಠ ತೋರಿಸುವ ಡಿಜಿಟಲ್ ಥರ್ಮಾಮೀಟರ್ ಒಂದು ಸಾಕು. ಬೆಳಿಗ್ಗೆ ಬಂದ ಕೂಡಲೇ, ಸಂಜೆ ಬೀಗ ಹಾಕುವ ಮೊದಲು ಓದಿ ಬರೆಯಿರಿ, ರೀಸೆಟ್ ಮಾಡಿ. ಭಾನುವಾರ ಯಾರು ಓದುತ್ತಾರೆ ಎಂಬುದನ್ನು ಮೊದಲೇ ಗೊತ್ತುಮಾಡಿ.

ಕಸ ಗುಡಿಸುವವರು ಪ್ಲಗ್ ಕಿತ್ತು ಮರೆತುಬಿಡುವುದು ಎಲ್ಲ ಕಡೆ ನಡೆಯುವ ಸಂಗತಿ. ಸ್ವಿಚ್ಚಿನ ಮೇಲೆ ಟೇಪ್ ಸುತ್ತಿ ‘ಆರಿಸಬೇಡಿ’ ಎಂದು ಬರೆಯಿರಿ. ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂನವರು ನಿರ್ವಹಣೆಗೆಂದು ಬೆಳಿಗ್ಗೆಯಿಂದ ಸಂಜೆವರೆಗೆ ಕರೆಂಟ್ ತೆಗೆಯುವ ದಿನವನ್ನು ಪತ್ರಿಕೆಯಲ್ಲಿ ಮೊದಲೇ ಪ್ರಕಟಿಸುತ್ತಾರೆ. ಆ ದಿನ ಬಾಗಿಲು ತೆರೆಯಬೇಡಿ, 8 ಡಿಗ್ರಿಯ ಹತ್ತಿರ ಬಂದರೆ ವ್ಯಾಕ್ಸಿನ್ ಕ್ಯಾರಿಯರ್‌ಗೆ (ಲಸಿಕೆ ಒಯ್ಯುವ ತಂಪು ಪೆಟ್ಟಿಗೆಗೆ) ವರ್ಗಾಯಿಸಿ. ಕ್ಯಾರಿಯರ್‌ಗೆ ಫ್ರೀಜರಿನಿಂದ ತೆಗೆದ ಐಸ್ ಪ್ಯಾಕನ್ನು ನೇರ ಇಡಬಾರದು. ಹೊರಗಿಟ್ಟು, ಅಲುಗಾಡಿಸಿದಾಗ ಒಳಗೆ ನೀರಿನ ಸದ್ದು ಕೇಳುವವರೆಗೆ ಕಾಯಿರಿ. ಇದನ್ನು ಬಿಟ್ಟದ್ದರಿಂದ ಹೆಪ್ಪುಗಟ್ಟಿ ಹಾಳಾಗುವ ಲಸಿಕೆ ಬಹಳ. ವಿತರಕರ ಪೆಟ್ಟಿಗೆ ಬಂದಾಗಲೂ ಜೆಲ್ ಪ್ಯಾಕಿಗೆ ಸಿರಿಂಜ್ ಅಂಟಿಕೊಂಡಿದ್ದರೆ ಸಹಿ ಹಾಕದೆ ವಾಪಸ್ ಕಳಿಸಿ.

ಹಾಕುವಾಗ

ಅಂದು ಜ್ವರ, ಉಸಿರಾಟದ ತೊಂದರೆ ಇದ್ದರೆ ಮುಂದೂಡಿ. ಸಣ್ಣ ನೆಗಡಿಗೆ ಮುಂದೂಡಬೇಡಿ. ಹಿಂದೆ ಲಸಿಕೆಯಿಂದ ತೀವ್ರ ಅಲರ್ಜಿ ಆಗಿತ್ತೇ, ಫ್ಲೂ ಲಸಿಕೆಯಾಗಿ ಆರು ವಾರದೊಳಗೆ ಗೀಲನ್-ಬಾರೆ, ಅಂದರೆ ಕಾಲಿನಿಂದ ಮೇಲಕ್ಕೆ ಶಕ್ತಿ ಕುಂದುವ ನರರೋಗ, ಬಂದಿತ್ತೇ ಎಂದು ಕೇಳಿ. ಮೊಟ್ಟೆ ತಿಂದರೆ ಆಗದು ಎಂಬುದು ಈಗ ಫ್ಲೂ ಲಸಿಕೆಗೆ ಅಡ್ಡಿಯಲ್ಲ. ಬರಿಹೊಟ್ಟೆಯಲ್ಲಿ ಬರಬೇಕಿಲ್ಲ, ಬಿಪಿ ಮಾತ್ರೆ ಬಿಡಬೇಕಿಲ್ಲ. ರಕ್ತ ಪರೀಕ್ಷೆಯೆಂದು ತಿಳಿದು ಉಪವಾಸ ಬಂದು ತಲೆಸುತ್ತಿ ಬೀಳುವವರಿದ್ದಾರೆ.

ಸೂಜಿ 23ರಿಂದ 25 ಗೇಜ್, 25 ಮಿ.ಮೀ. ಉದ್ದ. ಭುಜದ ಮೂಳೆಯ ಅಂಚಿನಿಂದ ಎರಡು-ಮೂರು ಬೆರಳು ಕೆಳಗೆ, ತೋಳಿನ ಹೊರಮೈ ನಡುವೆ, ನೇರ 90 ಡಿಗ್ರಿಯಲ್ಲಿ. ರೋಗಿ ಕೂತಿರುವಾಗ ನೀವೂ ಕೂತು ಹಾಕಿ. ನಿಂತು ಹಾಕಿದರೆ ಸೂಜಿ ತಾನಾಗಿ ಮೇಲೆ ಹೋಗಿ ಕೀಲಿನ ಚೀಲಕ್ಕೆ ತಾಗಿ, ತಿಂಗಳುಗಟ್ಟಲೆ ಕೈ ಎತ್ತಲಾಗದ ನೋವಾಗಬಹುದು. ಅಜ್ಜಿಯರ ರವಿಕೆಯ ತೋಳು ಬಿಗಿಯಾಗಿದ್ದು ಮೇಲೆ ಸರಿಯದು. ಅರ್ಧ ಸರಿಸಿ ತೀರಾ ಕೆಳಗೆ ಚುಚ್ಚುವ ಬದಲು ಒಂದು ಪರದೆ ಕಟ್ಟಿ, ರವಿಕೆ ಸಡಿಲಿಸಲು ಮಹಿಳಾ ಸಿಬ್ಬಂದಿ ನೆರವಾಗಲಿ. ಕರೆಯುವಾಗಲೇ ‘ಸಡಿಲ ತೋಳಿನ ರವಿಕೆ ಹಾಕ್ಕೊಂಡು ಬನ್ನಿ’ ಎಂದರೆ ಇನ್ನೂ ಸುಲಭ. ಡಯಾಲಿಸಿಸ್‌ಗೆಂದು ರಕ್ತನಾಳ ಜೋಡಿಸಿದ (ಫಿಸ್ಟುಲಾ ಇರುವ) ಕೈ, ಸ್ತನ ಶಸ್ತ್ರಚಿಕಿತ್ಸೆಯಾದ ಕಡೆಯ ಕೈ ಬಿಡಿ.

ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್ ತೆಗೆದುಕೊಳ್ಳುವವರಿಗೆ 23 ಗೇಜ್ ಅಥವಾ ಅದಕ್ಕಿಂತ ತೆಳುವಾದ ಸೂಜಿ. ಹಾಕಿದ ಜಾಗವನ್ನು ಎರಡು ನಿಮಿಷ ಒತ್ತಿ ಹಿಡಿಯಿರಿ, ತಿಕ್ಕಬೇಡಿ. ಶಿಂಗ್ರಿಕ್ಸ್ ಪುಡಿಯನ್ನು ಅದರ ಜೊತೆಗೆ ಬಂದ ದ್ರವದಲ್ಲೇ ಕಲಸಬೇಕು. ಕಲಸಿದ ಮೇಲೆ ತಕ್ಷಣ ಹಾಕಿ, ತಡವಾದರೆ ಫ್ರಿಜ್ಜಿನಲ್ಲಿಟ್ಟು ಆರು ಗಂಟೆಯೊಳಗೆ.

ಹದಿನೈದು ನಿಮಿಷ ಕೂರಿಸಿ, ಹಿಂದೆ ಅಲರ್ಜಿ ಇದ್ದವರನ್ನು ಅರ್ಧ ಗಂಟೆ. ತೀವ್ರ ಅಲರ್ಜಿಯಾದರೆ ಕೊಡಲು ಮೇಜಿನ ಮೇಲೆ 1 ಮಿ.ಲೀ.ಗೆ 1 ಮಿ.ಗ್ರಾಂ. ಇರುವ ಅಡ್ರಿನಲಿನ್ ಆಂಪ್ಯೂಲ್, 1 ಮಿ.ಲೀ. ಸಿರಿಂಜ್, 25 ಮಿ.ಮೀ. ಸೂಜಿ ಸಿದ್ಧವಿರಲಿ. ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿದರೆ ಅಥವಾ ಬಿಪಿ ಬಿದ್ದರೆ 0.5 ಮಿ.ಲೀ. ತೊಡೆಯ ಹೊರಭಾಗದ ಸ್ನಾಯುವಿಗೆ, ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ, ಜೊತೆಗೇ 108ಕ್ಕೆ ಕರೆ. ನಮ್ಮಲ್ಲಿ ಕೈ ಮೊದಲು ಹೋಗುವುದು ಏವಿಲ್, ಹೈಡ್ರೊಕಾರ್ಟಿಸೋನ್ ಎಂಬ ಅಲರ್ಜಿ ಇಂಜೆಕ್ಷನ್‌ಗಳ ಕಡೆಗೆ. ಅವು ಜೀವ ಉಳಿಸುವ ಮದ್ದಲ್ಲ. ‘ಹೃದ್ರೋಗಿ, ಅಡ್ರಿನಲಿನ್ ಹೇಗೆ ಕೊಡೋದು’ ಎಂದು ಹಿಂಜರಿಯುವುದೂ ತಪ್ಪು. ಇಂಥ ಹೊತ್ತಿನಲ್ಲಿ ಕೊಡದಿರುವುದೇ ಹೆಚ್ಚು ಅಪಾಯ.

ಮನೆಗೆ ಕಳಿಸುವಾಗ ‘ಒಂದೆರಡು ದಿನ ಕೈ ನೋಯುತ್ತೆ, ಮೈ ಬೆಚ್ಚಗಾಗಬಹುದು, ಬೇಕಾದರೆ ಪ್ಯಾರಾಸಿಟಮಾಲ್’ ಎಂದು ಹೇಳಿಯೇ ಕಳಿಸಿ. ಹೇಳದೆ ಬಂದ ಜ್ವರ ಒಂದು ಬೀದಿಯ ಜನರನ್ನೇ ಹೆದರಿಸುತ್ತದೆ. ಗಂಭೀರವಾದ ಏನೇ ಆದರೂ ಔಷಧಿ ಅಡ್ಡಪರಿಣಾಮಗಳ ರಾಷ್ಟ್ರೀಯ ಸಹಾಯವಾಣಿ 1800-180-3024ಕ್ಕೆ ತಿಳಿಸಬಹುದು.

ಮನೆಬಿಟ್ಟು ಏಳಲಾಗದವರು

ಪಾರ್ಶ್ವವಾಯು ಬಡಿದವರು, ಸೊಂಟ ಮುರಿದು ಹಾಸಿಗೆ ಹಿಡಿದವರು ಪಟ್ಟಿಯ ಕೊನೆಗೆ ಸರಿದುಬಿಡುತ್ತಾರೆ, ಅಪಾಯ ಹೆಚ್ಚಿರುವುದು ಅವರಿಗೇ. ತಿಂಗಳಿಗೆ ಒಂದು ಮಧ್ಯಾಹ್ನ ಇದಕ್ಕೆಂದೇ ಇಡಿ. ಒಂದೇ ದಿಕ್ಕಿನ ಐದಾರು ಮನೆ, ಕ್ಯಾರಿಯರ್, ಅಡ್ರಿನಲಿನ್, ಬಿಪಿ ಯಂತ್ರ, ಬಳಸಿದ ಸೂಜಿ ಹಾಕುವ ಗಟ್ಟಿ ಡಬ್ಬಿ. ಇಬ್ಬರು ಹೋಗಬೇಕು: ಒಬ್ಬರು ಹಾಕಿ ಮುಂದಿನ ಮನೆಗೆ ನಡೆದರೆ ಇನ್ನೊಬ್ಬರು ಹದಿನೈದು ನಿಮಿಷ ಅಲ್ಲೇ ಕೂರುತ್ತಾರೆ. ಅಡ್ರಿನಲಿನ್ ಆಂಪ್ಯೂಲ್ ಇಬ್ಬರ ಬಳಿಯೂ ಇರಬೇಕು. ಅದೇ ಮನೆಯಲ್ಲಿ ಆರೈಕೆ ಮಾಡುವ ಮಗಳಿಗೋ ಕೆಲಸದಾಕೆಗೋ ಫ್ಲೂ ಲಸಿಕೆ ಹಾಕುವುದೂ ಅಷ್ಟೇ ಮುಖ್ಯ, ಸೋಂಕು ಹಾಸಿಗೆಯ ತನಕ ಬರುವುದು ಅವರ ಮೂಲಕ.

ಎಣಿಕೆ

ತಿಂಗಳ ಕೊನೆಗೆ ಮೂರು ಸಂಖ್ಯೆ ಬರೆಯಿರಿ: ಅರವತ್ತು ದಾಟಿ ಬಂದವರೆಷ್ಟು, ಅವರಲ್ಲಿ ಲಸಿಕೆಯ ಮಾತು ಎತ್ತಿದ್ದು ಎಷ್ಟು ಜನರಿಗೆ, ಹಾಕಿದ್ದು ಎಷ್ಟು. ಮೊದಲ ಎರಡರ ನಡುವೆ ಅಂತರ ದೊಡ್ಡದಿದ್ದರೆ ತೊಂದರೆ ನಿಮ್ಮ ಮೇಜಿನಲ್ಲಿದೆ: ಚೀಟಿ ಬರೆಯುವ ಮೊದಲೇ ನರ್ಸ್ ಫೈಲಿನ ಮೇಲೆ ಕೆಂಪು ಚುಕ್ಕೆ ಇಡಲಿ. ಎರಡನೆಯದಕ್ಕೂ ಮೂರನೆಯದಕ್ಕೂ ಅಂತರವಿದ್ದರೆ ಕಾರಣದ ಖಾನೆ ಓದಿ. ‘ಹಣ’ ಎಂದು ಹೆಚ್ಚಿದ್ದರೆ ರೋಟರಿ, ಲಯನ್ಸ್‌ನಂಥವರ ಬಳಿ ಫ್ಲೂ ಲಸಿಕೆಗೆ ಮಾತ್ರ ನೆರವು ಕೇಳಿ. ‘ಮಗ ಬೇಡವೆಂದ’ ಎಂದಿದ್ದರೆ ಆ ಕರೆಯನ್ನು ನರ್ಸ್ ಬದಲು ವೈದ್ಯರೇ ಮಾಡಲಿ. ಎರಡನೇ ಡೋಸ್ ಬಾಕಿ ಇರುವವರ ದಿನವನ್ನು ಮಾತ್ರೆಗೆ ಬರುವ ದಿನಕ್ಕೇ ಹೊಂದಿಸಿ ಬರೆಯಿರಿ. ಸರ್ಪಸುತ್ತಿನದಕ್ಕೆ 2ರಿಂದ 6 ತಿಂಗಳ ಸಡಿಲವಿದೆ. ಆರು ತಿಂಗಳು ದಾಟಿದರೂ ಮತ್ತೆ ಮೊದಲಿನಿಂದ ಶುರುಮಾಡಬೇಕಿಲ್ಲ, ಬಾಕಿ ಇದ್ದ ಒಂದನ್ನು ಹಾಕಿದರಾಯಿತು.